ರಿಟರ್ನ್ ಹಾಕಿದ ಸೀರೆ

ಬಾಯಲ್ಲಿ ಹೇಳದೆ ಬರೀ ಹೆಬ್ಬೆರಳಲ್ಲಿ ಒತ್ತಿದ್ದೂ ಸುಳ್ಳು ಅನ್ನಿಸಿಕೊಳ್ಳುತ್ತದಾ? ಹತ್ತು ದಿನದಿಂದ ಇದೊಂದೇ ಕೊರೆಯುತ್ತಿತ್ತು. ಬರೆಯಲೂ ಹೇಸಿಗೆಯಾಗಿ ಡೈರಿಯ ಪುಟ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯುತ್ತಿದ್ದೇನೆ.

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸಿದರು. ಅದರ ಗೃಹಪ್ರವೇಶಕ್ಕೆಂದು ಮೊಬೈಲಿನಲ್ಲಿ ಒಂದು ಸೀರೆ ತರಿಸಿದೆ. ಸಾವಿರದ ಮುನ್ನೂರು ರೂಪಾಯಿ, ಟ್ಯೂಷನ್ ಹೇಳಿ ಕೂಡಿಟ್ಟಿದ್ದು. ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ‘ಬೇಡ’ ಎಂದು ಎದ್ದು ಬರುವ ಧೈರ್ಯ ನನಗಿಲ್ಲ, ಅದಕ್ಕೇ ಆನ್‌ಲೈನು. ಫೋಟೋದಲ್ಲಿ ಎಳೆ ಬಾಳೆಲೆಯ ಹಸಿರು. ಬಂದದ್ದು ಪಾಚಿ ಹಿಡಿದ ತೊಟ್ಟಿಯ ಬಣ್ಣ. ಮುಟ್ಟಿದರೆ ಪ್ಲಾಸ್ಟಿಕ್ ಚೀಲದಂತೆ ಸರಬರ ಸದ್ದು, ಮೂಗಿಗೆ ಸೀಮೆಎಣ್ಣೆಯಂಥ ವಾಸನೆ.

ಅದನ್ನು ಮೊದಲು ಬಿಚ್ಚಿದ್ದು ನಾನಲ್ಲ. ಗುಬ್ಬಿಯಲ್ಲಿ ನಮ್ಮ ಬೀದಿಗೆಲ್ಲ ಪಾರ್ಸಲ್ ತರುವವರು ದಸ್ತಗೀರ್ ಸಾಬರು, ಐವತ್ತು ದಾಟಿದ ಮೆತ್ತಗಿನ ಮನುಷ್ಯ. ಅವರು ಬಂದಾಗ ನಾನು ಬಚ್ಚಲಲ್ಲಿದ್ದೆ. ಹೊರಗೆ ಬರುವಷ್ಟರಲ್ಲಿ ನಮ್ಮಜ್ಜಿ ಶಿವರುದ್ರಮ್ಮ ಈಳಿಗೆಮಣೆಯಲ್ಲಿ ಕವರ್ ಸೀಳಿ, ಸೀರೆಯನ್ನು ದೇವರ ಜಗುಲಿಯ ಮೇಲಿಟ್ಟು, ಸೆರಗಿನ ಮೂಲೆಗೆ ಅರಿಶಿನ ಹಚ್ಚಿ ಆಗಿತ್ತು. ಹೊಸ ಬಟ್ಟೆ ಅಂದರೆ ನಮ್ಮ ಮನೆಯಲ್ಲಿ ಹಾಗೇ. ಅರಿಶಿನ ತಾಗದ ಬಟ್ಟೆ ಮೈಮೇಲೆ ಬೀಳಬಾರದು, ಟವೆಲ್ಲಾದರೂ ಸರಿ.

ವಾಪಸ್ ಮಾಡೋಣವೆಂದು ಆ್ಯಪ್ ತೆಗೆದೆ. ‘ಇಷ್ಟವಾಗಲಿಲ್ಲ’ ಎಂದು ಒತ್ತಿದರೆ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ರಿಟರ್ನ್ ಶುಲ್ಕ ನೂರಾ ನಲವತ್ತೊಂಬತ್ತು ಎಂದಿತ್ತು. ಬಳಸಿದ ಗುರುತು ಇದ್ದರೆ ಇನ್ನೂ ಇನ್ನೂರು. ಕೊಳ್ಳುವಾಗ ಹೂವು, ಬಲೂನು ಹಾರಿಸಿದ ಆ್ಯಪ್ ಈ ಮಾತನ್ನು ಎಲ್ಲಿ ಬಚ್ಚಿಟ್ಟಿತ್ತೋ. ಥೂ ಅನ್ನಿಸಿತು.

ಚಿಕ್ಕಪ್ಪನ ಮಗಳು ಇಂಪನಾಗೆ ಮೆಸೇಜು ಮಾಡಿದೆ. ಅವಳು ಇದರಲ್ಲಿ ಪಳಗಿದವಳು. ಗೌನಿನ ಟ್ಯಾಗು ಬೆನ್ನೊಳಗೆ ತುರುಕಿಕೊಂಡು, ಕಂಕುಳಿಗೆ ಟಿಶ್ಯೂ ಇಟ್ಟುಕೊಂಡು ಬರ್ತ್‌ಡೇ ಮುಗಿಸಿ, ಮಾರನೇ ದಿನ ಅದೇ ಬೆವರಿನ ಗೌನನ್ನು ಮಡಚಿ ವಾಪಸ್ ಕಳಿಸುತ್ತಾಳೆ. ಕೇಳಿದಾಗಲೆಲ್ಲ ನನಗೆ ವಾಕರಿಕೆ. ಆದರೂ ಅವಳನ್ನೇ ಕೇಳಿದೆನಲ್ಲ.

“ಇಷ್ಟವಾಗ್ಲಿಲ್ಲ ಅಂತ ಯಾರಾದ್ರೂ ಹಾಕ್ತಾರೇನೇ ಮಾಲಿನಿ, ದಡ್ಡಿ,” ಎಂದು ಫೋನ್ ಮಾಡಿಯೇ ಬೈದಳು. “ಕಲೆ ಇರೋ ಪೀಸ್ ಬಂತು ಅಂತ ಹಾಕು. ಅರಿಶಿನ ಇದ್ಯಲ್ಲ, ಅದ್ರದ್ದೇ ಫೋಟೋ ಹೊಡಿ. ಒಂದ್ ರೂಪಾಯ್ನೂ ಕಟ್ ಆಗಲ್ಲ ಕಣೇ.”

ಜಗುಲಿಯಿಂದ ಸೀರೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ದೇವರ ಮುಂದಿಟ್ಟು ಅಜ್ಜಿ ಹಚ್ಚಿದ ಅರಿಶಿನವನ್ನು ಹತ್ತಿರದಿಂದ, ಆದಷ್ಟು ಕೊಳಕಾಗಿ ಕಾಣುವ ಹಾಗೆ ಫೋಟೋ ತೆಗೆದೆ. ‘ಕಲೆಯಿರುವ ವಸ್ತು ಬಂದಿದೆ’, ಒತ್ತಿದೆ. ಅಂಗಡಿಗೆ ವಾಪಸ್ ಕೊಡುತ್ತಿದ್ದೇನೆ ಎಂದಷ್ಟೇ ಅಜ್ಜಿಗೆ ಹೇಳಿದೆ.

ಸೀರೆ ಒಯ್ಯಲು ಬಂದವರೂ ದಸ್ತಗೀರ್ ಸಾಬರೇ. ಸೆರಗು ಬಿಚ್ಚಿ ನೋಡಿದರು, ಒಂದು ಫೋಟೋ ತೆಗೆದರು. ಬಣ್ಣ ಬಿಟ್ಟಿರಬೇಕು ತಾಯಿ ಎಂದು ಅವರೇ ನನ್ನ ಪರವಾಗಿ ಕಾರಣ ಹುಡುಕಿಕೊಟ್ಟು ಹೋದರು. ಮೂರನೇ ದಿನ ಪೂರ್ತಿ ದುಡ್ಡು ಬಂತು, ಜೊತೆಗೆ ನಗುಮುಖದ ಚಿತ್ರ.

ಅದರ ಮಾರನೇ ದಿನ ತುಮಕೂರಿನ ಪಾರ್ಸಲ್ ಆಫೀಸಿನಿಂದ ರೇಣುಕಾಪ್ರಸಾದ್ ಎಂಬುವವರು ಫೋನ್ ಮಾಡಿದರು. ಪಾರ್ಸಲ್ ಕೈಗೆ ಬಂದಾಗಲೇ ಕಲೆ ಇತ್ತು ತಾನೇ ಎಂದು ಕೇಳಿದರು. ಗೊತ್ತಿಲ್ಲದವರ ಫೋನೆಂದರೆ ನನಗೆ ಭಯ. ‘ಹ್ಞೂಂ’ ಎಂದು ಇಟ್ಟುಬಿಟ್ಟೆ. ಅದು ಬಾಯಿಂದಲೇ ಬಂದದ್ದು.

ಇವತ್ತು ಮಧ್ಯಾಹ್ನ ಸಾಬರು ಪಾರ್ಸಲ್ ಇಲ್ಲದೆ ಬಂದು ಗೇಟಿನ ಹೊರಗೇ ನಿಂತರು. ಅಜ್ಜಿ ಮಜ್ಜಿಗೆ ಕೊಟ್ಟು ಏನು ಸಾಬ್ರೇ ಎಂದಿತು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಮಾರಿದವರ ಹತ್ತಿರ ಚೊಕ್ಕ ಸೀರೆ ಪ್ಯಾಕ್ ಮಾಡಿದ ವಿಡಿಯೋ ಇದೆಯಂತೆ. ಹಾಗಾಗಿ ಕಲೆ ದಾರಿಯಲ್ಲೇ ಆಗಿದ್ದು, ಸಾಬರ ಊಟದ ಡಬ್ಬಿಯಿಂದ ಸಾರು ಸೋರಿದ್ದು ಎಂದು ಆಫೀಸಿನಲ್ಲಿ ತೀರ್ಮಾನಿಸಿದ್ದಾರೆ. ದಿನಾ ಬೆಳಿಗ್ಗೆ ಎಲ್ಲರೆದುರು ಡಬ್ಬಿ ಬಿಚ್ಚಿ ತೋರಿಸಬೇಕು. ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಾರೆ. ಸೋಮವಾರದಿಂದ ಗುಬ್ಬಿಯಲ್ಲಿ ಪಾರ್ಸಲ್ ಹಂಚುವ ಲೈನು ಬೇರೆಯವರಿಗೆ. ಬೇಕಾದರೆ ಕುಣಿಗಲ್ ಕಡೆ ಹುಲಿಯೂರುದುರ್ಗದ ಲೈನು ಮಾಡಿ ಎಂದಿದ್ದಾರೆ. ಮನೆಯಲ್ಲಿ ಹೆಂಡತಿ ಸರ್ವರ್ ಬೇಗಂಗೆ ಡಯಾಲಿಸಿಸ್, ವಾರಕ್ಕೆರಡು ಸಲ ಕರೆದುಕೊಂಡು ಹೋಗುವವರು ಇವರೊಬ್ಬರೇ. ಅಷ್ಟು ದೂರದ ಲೈನು ಅಂದರೆ ಕೆಲಸ ಬಿಟ್ಟಂತೆಯೇ.

“ಅವತ್ತು ನಾನು ಡಬ್ಬೀನೇ ತಂದಿರ್ಲಿಲ್ಲ ಅಮ್ಮಾರೇ. ಉಪವಾಸ ಇದ್ದೆ,” ಎಂದರು. “ಮಾಲಿನಿಯಮ್ಮ ಒಂದ್ ಮಾತು ಹೇಳಿದ್ರೆ ಕೇಳ್ತಾರೇನೋ ಅಂತ ಬಂದೆ.”

ಅಜ್ಜಿ ಸಿಡಿಮಿಡಿಗೊಂಡಿತು. “ಉಣ್ಣೋ ಅನ್ನ ಬಿಚ್ಚಿ ತೋರ್ಸು ಅಂತಾರಾ? ಎಂಥ ಹೊಲಸು ಜನ ಬುಡಿ ಅವ್ರು.”

ಹೊಲಸು ಎಂದರೆ ಯಾರು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಮುನ್ನೂರ ನಲವತ್ತೊಂಬತ್ತು ರೂಪಾಯಿ ಉಳಿಸಲು ಅಜ್ಜಿಯ ಅರಿಶಿನವನ್ನು ಕೊಳೆ ಎಂದಿದ್ದೆ. ಆ ಕೊಳೆಯನ್ನು ಹಸಿದ ಮನುಷ್ಯನ ತುತ್ತಿಗೆ ಮೆತ್ತಿದ್ದೆ. ಇಂಪನಾಳ ಗೌನು ನೆನೆದು ಮೂಗು ಮುರಿದವಳು ನಾನು.

ಹೊರಗೆ ಹೋದೆ. ಆಫೀಸಿಗೆ ಫೋನ್ ಹಚ್ಚಿ ಎಂದು ಕೈಸನ್ನೆ ಮಾಡಿದೆ. ಸಾಬರು ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

“ಏನ್ ಸಾಬ್ರೇ, ಇವತ್ ಯಾರ್ ಸೀರೆಗೆ ಊಟ ಬಡಿಸಿದ್ರಿ?” ರೇಣುಕಾಪ್ರಸಾದರ ದನಿ. ಹಿಂದೆ ನಾಲ್ಕೈದು ಜನ ನಕ್ಕರು.

ಸಾಬರು ತಲೆ ತಗ್ಗಿಸಿದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿತ್ತು. ಅದಕ್ಕೂ ಈಗ ಗೊತ್ತಾಗುತ್ತದೆ ಎಂದುಕೊಂಡೆ. ಫೋನಿನತ್ತ ಬಗ್ಗಿದೆ.

“ನಾನು ಮಾಲಿನಿ ಮಾತಾಡ್ತಿರೋದು ಸಾರ್, ಆ ಸೀರೆ ತರಿಸಿದ್ದವಳು. ಅದು ಸಾರಲ್ಲ, ನಮ್ಮಜ್ಜಿ ಹಚ್ಚಿದ ಅರಿಶಿನ. ಕಲೆ ಅಂತ ಸುಳ್ಳು ಹೇಳಿದ್ದು ನಾನು.”