ಇಸ್ತ್ರಿ ಅಂಗಡಿಯಲ್ಲಿ ಸೋಯಾ ಪನೀರು

ಇಸ್ತ್ರಿ ಅಂಗಡಿಯ ಬೆಕ್ಕು ದಿನದಿನಕ್ಕೆ ದಪ್ಪವಾಗುತ್ತಿತ್ತು, ಅಜ್ಜಿ ದಿನದಿನಕ್ಕೆ ಕಡ್ಡಿಯಾಗುತ್ತಿದ್ದರು. ಅದರ ಕಾರಣ ತಮಗೊಬ್ಬರಿಗೇ ಗೊತ್ತೆಂದು ಅಜ್ಜಿ ತಿಳಿದಿದ್ದರು. ಸೊಸೆ ಮಾಂಸವನ್ನು ಎಷ್ಟು ಸಣ್ಣಗೆ ಹೆಚ್ಚಿ ಬಡಿಸಿದರೂ ಹಲ್ಲಿಲ್ಲದ ಬಾಯಲ್ಲಿ ಅದು ಹತ್ತಿಯ ಹಾಗೆ ಸುತ್ತುತ್ತಿತ್ತು. ಅಷ್ಟು ಅಕ್ಕರೆಯಿಂದ ಬಡಿಸಿದ್ದನ್ನು ಬೇಡವೆನ್ನಲು ಮನಸ್ಸು ಬಾರದೆ, ಮೇಜಿನ ಕೆಳಗೆ ಬೆಕ್ಕಿಗೆ ಹಾಕಿ, ಬರೀ ಗಂಜಿ ಕುಡಿದು ಏಳುತ್ತಿದ್ದರು.

ಆ ಏಳುವುದೇ ಈಗ ಕಷ್ಟವಾಗಿತ್ತು. ನಲವತ್ತು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತ ಕಾಲುಗಳು ಸ್ಟೂಲಿನಿಂದ ಮೇಲೇಳಲು ಸೊಸೆಯ ಕೈ ಬೇಡುತ್ತಿದ್ದವು. ಒಮ್ಮೆಯಾದರೂ ಯಾರ ಕೈಯನ್ನೂ ಹಿಡಿಯದೆ ಎದ್ದು ಆ ಮೇಜಿನ ಮುಂದೆ ನಿಲ್ಲಬೇಕು. ಅಜ್ಜಿಗಿದ್ದ ಆಸೆ ಅದೊಂದೇ.

ಬಿಳಿ ಕೋಟುಗಳನ್ನು ಇಸ್ತ್ರಿಗೆ ಕೊಡಲು ಬಂದ ನರ್ಸಮ್ಮ ಅಜ್ಜಿ ಏಳಲು ಪಡುತ್ತಿದ್ದ ಕಷ್ಟವನ್ನು ಗಮನಿಸಿದರು. ಎಲ್ಲರೆದುರು ಏನೂ ಕೇಳಲಿಲ್ಲ. ಸೊಸೆ ನೀರು ತರಲು ಒಳಗೆ ಹೋದಾಗ ಪಕ್ಕದಲ್ಲಿ ಕೂತು, ಊಟದಲ್ಲಿ ಏನೇನು ಗಂಟಲಿಗಿಳಿಯುತ್ತದೆ ಎಂದು ಮೆಲ್ಲಗೆ ವಿಚಾರಿಸಿದರು. ಅಜ್ಜಿ ಬೆಕ್ಕಿನ ಗುಟ್ಟು ಬಿಟ್ಟುಕೊಟ್ಟರು.

“ಗಂಜಿ ಹೊಟ್ಟೆ ತುಂಬಿಸುತ್ತೆ ಅಜ್ಜಿ, ಕಾಲಿನ ಬಲಕ್ಕೆ ಅದೊಂದೇ ಸಾಲಲ್ಲ. ಪ್ರೋಟೀನ್ ಕಮ್ಮಿಯಾದ್ರೆ ಈ ವಯಸ್ಸಲ್ಲಿ ಮಾಂಸಖಂಡ ಬೇಗ ಕರಗುತ್ತೆ. ಮಾಂಸ ಅಗಿಯೋಕಾಗಲ್ವಾ, ಬಿಡಿ. ಸೋಯಾ ಕಾಳಿಂದ ಮನೇಲೇ ಪನೀರು ಮಾಡ್ಬೋದು. ಮೆತ್ತಗಿರುತ್ತೆ.”

“ಕಾಳು ತಿಂದ್ರೆ ಶಕ್ತಿ ಬರೋದಾದ್ರೆ ಪಾರಿವಾಳಗಳೆಲ್ಲ ಕುಸ್ತಿ ಆಡ್ಬೇಕಿತ್ತಮ್ಮಾ,” ಎಂದರು ಅಜ್ಜಿ.

ನರ್ಸಮ್ಮ ನಕ್ಕರು. ಮೂತ್ರಪಿಂಡದ ತೊಂದರೆಯಾಗಲಿ ಸೋಯಾ ಅಲರ್ಜಿಯಾಗಲಿ ಇಲ್ಲವೆಂದು ಕೇಳಿ ತಿಳಿದುಕೊಂಡು, ಸೊಸೆ ಬಂದ ಮೇಲೆ ಅವಳಿಗೆ ಮಾಡುವ ಬಗೆ ಹೇಳಿಕೊಟ್ಟರು. ಬೆಕ್ಕಿನ ಸುದ್ದಿ ಮಾತ್ರ ಎತ್ತಲಿಲ್ಲ.

ಸೊಸೆ ಅಂದು ಸಂಜೆಯೇ ಒಂದು ಲೋಟ ಕಾಳು ನೆನೆಹಾಕಿದಳು. ಬೆಳಿಗ್ಗೆ ತೊಳೆದು, ಹೊಸ ನೀರು ಹಾಕಿ ನುಣ್ಣಗೆ ರುಬ್ಬಿದಳು. ಸೋಸುವ ಬಟ್ಟೆಗೆ ಆ ಮನೆಯಲ್ಲಿ ಬರವೇ? ಕಪಾಟಿನಿಂದ ಒಗೆದು ಮಡಿಸಿಟ್ಟ ಬಿಳಿ ಬಟ್ಟೆಯೊಂದನ್ನು ಎಳೆದಳು. ಒಗೆದ ಬಟ್ಟೆಗೆಲ್ಲ ಕಡೆಯಲ್ಲಿ ನೀಲಿ ಹಾಕುವುದು ಅವರ ವಾಡಿಕೆ ಎಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲಿಲ್ಲ. ಮಧ್ಯಾಹ್ನ ತಟ್ಟೆಗೆ ಬಂದದ್ದು ತಿಳಿನೀಲಿ ಬಣ್ಣದ ಗಟ್ಟಿ. ಮೇಲೆ ಸೋಪಿನ ವಾಸನೆ.

“ಇದನ್ನ ತಿನ್ನಬೇಕೋ, ಇಸ್ತ್ರಿ ಮಾಡಬೇಕೋ?” ಎಂದರು ಅಜ್ಜಿ.

ಪಕ್ಕದಲ್ಲಿ ಉಣ್ಣುತ್ತಿದ್ದ ಮಗ ನಕ್ಕ. ಸೊಸೆ ನಗಲಿಲ್ಲ. ತಿನ್ನಬಾರದ್ದೆಂದು ಅಷ್ಟನ್ನೂ ಚೆಲ್ಲಿ, ಪಾತ್ರೆ ಉಜ್ಜಿ, ಮತ್ತೊಂದು ಲೋಟ ಕಾಳು ಅಳೆದು ನೆನೆಹಾಕಿದಳು. ಅವಳು ಅತ್ತ ತಿರುಗಿ ಕಣ್ಣೊರೆಸಿಕೊಂಡದ್ದು ಅಜ್ಜಿಗೆ ಕಂಡಿತು. ಆಡಿದ ಮಾತು ತಮಗೇ ಚುಚ್ಚಿತು.

ಮರುದಿನ ಅಜ್ಜಿ ಅಡುಗೆಮನೆಯಲ್ಲೇ ಸ್ಟೂಲು ಹಾಕಿಸಿಕೊಂಡರು. “ಹಿಂಡೋದು ನಂಗೆ ಬಿಡು. ಬಟ್ಟೆನೂ ನಾನೇ ಆರಿಸ್ತೀನಿ,” ಎಂದರು. ಸೋಪು, ನೀಲಿ ಯಾವುದನ್ನೂ ಕಾಣದ ಹೊಸ ಹತ್ತಿ ಬಟ್ಟೆಯನ್ನು ಬರೀ ನೀರಿನಲ್ಲಿ ಕುದಿಸಿ ಜಾಲಿಸಿದರು. ಒದ್ದೆ ಹೊದಿಕೆಗಳನ್ನು ಹಿಂಡಿ ಪಳಗಿದ ಕೈ ಅದು. ಸೊಸೆ ರುಬ್ಬಿದ ಕಾಳನ್ನು ಅದರಲ್ಲಿ ಕಟ್ಟಿ ಹಿಂಡಿದಾಗ ಸೋಯಾ ಹಾಲಿನ ಕಡೆಯ ಹನಿಯೂ ಪಾತ್ರೆಗೆ ಬಿತ್ತು. ಮಗ ಬಾಯಿಬಿಟ್ಟು ನೋಡಿದ.

ಕೋಟು ಒಯ್ಯಲು ಬಂದ ನರ್ಸಮ್ಮ ಒಲೆಯ ಹತ್ತಿರವೇ ನಿಂತರು. ಹಾಲು ನೊರೆಯುಕ್ಕಿದ ಕೂಡಲೇ ಸೊಸೆ ಇಳಿಸಲು ಹೋದಾಗ ತಡೆದರು. “ನೊರೆ ಬಂತು ಅಂದ್ರೆ ಬೆಂತು ಅಂತಲ್ಲ. ಹಸಿ ಸೋಯಾ ಹೊಟ್ಟೆಗಾಗಲ್ಲ. ಕುದಿ ಬಂದ ಮೇಲೆ ಇನ್ನೂ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕೈಯಾಡಿಸ್ತಾ ಇರಮ್ಮ.”

ಆಮೇಲೆ ಒಲೆ ಆರಿಸಿ, ಎರಡು ನಿಂಬೆಹಣ್ಣಿನ ರಸವನ್ನು ನೀರಿಗೆ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿದರು. ಹಾಲು ಒಡೆದು, ತಿಳಿನೀರು ಬೇರೆಯಾಯಿತು. ಒಡೆದದ್ದನ್ನು ಬಟ್ಟೆಯಲ್ಲಿ ಸೋಸಿ ಕಟ್ಟಿ, ಮೇಲೊಂದು ತಟ್ಟೆಯಿಟ್ಟು, ಅದರ ಮೇಲೆ ಭಾರಕ್ಕೆ ಕೆಂಡವಿಲ್ಲದ ಹಳೆಯ ಇಸ್ತ್ರಿಪೆಟ್ಟಿಗೆಯನ್ನೇ ಏರಿಸಿದರು. ಅರ್ಧ ಗಂಟೆಯಲ್ಲಿ ಬೆಳ್ಳಗಿನ ಗಟ್ಟಿ ಸಿದ್ಧವಾಯಿತು. ಸೊಸೆ ಅದನ್ನು ತುಂಡು ಮಾಡಿ ಈರುಳ್ಳಿಯೊಂದಿಗೆ ಬಾಡಿಸಿದಳು.

ಅಜ್ಜಿ ಒಸಡಿನಲ್ಲೇ ಒತ್ತಿ ನುಂಗಿದರು. ಇನ್ನೊಂದು ತುಂಡು ಕೇಳಿದರು. ಹಾಗೇ ತಲೆ ತಗ್ಗಿಸಿ, ಇಷ್ಟು ದಿನ ಮಾಂಸವನ್ನು ಬೆಕ್ಕಿಗೆ ಹಾಕುತ್ತಿದ್ದುದನ್ನು ಹೇಳಿಬಿಟ್ಟರು.

“ಗೊತ್ತಿತ್ತು ಅತ್ತೆ,” ಎಂದಳು ಸೊಸೆ. “ಅದಕ್ಕೇ ಎರಡು ತುಂಡು ಜಾಸ್ತಿ ಬಡಿಸ್ತಿದ್ದೆ. ಬೆಕ್ಕು ತಿಂದು ಉಳಿದದ್ದಾದ್ರೂ ನೀವು ತಿನ್ನಲಿ ಅಂತ.”

ಅಂದಿನಿಂದ ದಿನವೂ ಅಜ್ಜಿಯ ತಟ್ಟೆಯಲ್ಲಿ ಸೋಯಾ ಪನೀರೋ, ಮೆತ್ತಗೆ ಬೇಯಿಸಿದ ಬೇಳೆಯೋ ಇರುತ್ತಿತ್ತು. ನರ್ಸಮ್ಮ ಹೇಳಿದಂತೆ ಬೆಳಿಗ್ಗೆ ಸಂಜೆ ಗೋಡೆ ಹಿಡಿದು ಕೂತು ಏಳುವ ಅಭ್ಯಾಸವನ್ನೂ ಮಾಡಿದರು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಸೊಸೆ ಎಂದಿನಂತೆ ಕೈ ಚಾಚುವಷ್ಟರಲ್ಲಿ, ಅಜ್ಜಿ ತಾವಾಗಿಯೇ ಎದ್ದು ನಿಂತರು. ಸೊಸೆ ಚಾಚಿದ ಕೈಯನ್ನು ಸದ್ದಿಲ್ಲದೆ ಹಿಂತೆಗೆದು, ಇಸ್ತ್ರಿ ಮೇಜಿನ ಮುಂದಿದ್ದ ಬುಟ್ಟಿಯನ್ನು ಸರಿಸಿ ಅವರಿಗೆ ಜಾಗ ಮಾಡಿಕೊಟ್ಟಳು.

ಓದುತ್ತಿರುವ ನಿಮ್ಮ ಮನೆಯಲ್ಲೂ ಸೊರಗುತ್ತಿರುವ ಹಿರಿಯರಿರಬಹುದು. ಊಟವಾಯಿತೇ ಎಂದಷ್ಟೇ ಕೇಳಬೇಡಿ, ಅಗಿಯಲು ಆಗುತ್ತಿದೆಯೇ ಎಂದೂ ಕೇಳಿ. ಕಾಯಿಲೆಯೇನಾದರೂ ಇದ್ದರೆ ವೈದ್ಯರನ್ನು ವಿಚಾರಿಸಿ. ಪನೀರಿಗೆ ಬೇಕಾದದ್ದು ಸೋಯಾ ಕಾಳು, ನೀರು, ನಿಂಬೆಹಣ್ಣು, ಸೋಪು ನೀಲಿ ತಾಗದ ಒಂದು ಶುಭ್ರವಾದ ಬಟ್ಟೆ. ಇಂದು ಸಂಜೆಯೇ ಒಂದು ಲೋಟ ಕಾಳು ನೆನೆಹಾಕಿ. ಹಿಂಡುವ ಕೆಲಸವನ್ನು ಅವರಿಗೇ ಕೊಟ್ಟು ನೋಡಿ.