ಚಪ್ಪಲಿ ಗೂಡಿನ ಮೇಲಿನ ಬುದ್ಧ

"ಆ ಕಡೆ ಕಾಲಿಡಬೇಡ ಅಂತ ಎಷ್ಟು ಸಲ ಬಾಯಿ ಬಡ್ಕೋಬೇಕೇ ನಿಂಗೆ? ದೇವರ ಮನೆ ಹೊಸ್ತಿಲು ಕಣೇ ಅದು! ಬುದ್ಧನ್ನ ಉಜ್ಜು ಅಂದ್ರೆ ಬುದ್ಧನ್ನ ಉಜ್ಜು, ಮನೆ ತುಂಬಾ ಓಡಾಡ್ಬೇಡ."

ವಾರಿಜಮ್ಮ ಗಂಟಲು ಹರಿದುಕೊಂಡಾಗ ಮರಿಯಮ್ಮ ಒದ್ದೆ ಬಟ್ಟೆ ಹಿಂಡುತ್ತಾ ಹಿಂದೆ ಸರಿದಳು. ಜಯನಗರದ ಈ ಮನೆಯಲ್ಲಿ ಅವಳು ಮುಟ್ಟಬಾರದ್ದು ಬೇಕಾದಷ್ಟಿತ್ತು. ದೇವರ ಮನೆ, ಕುಡಿಯುವ ನೀರಿನ ಬಿಂದಿಗೆ, ಊಟದ ಮೇಜು. ಮುಟ್ಟಬಹುದಾದ ದೊಡ್ಡವನೆಂದರೆ ಬುದ್ಧ ಒಬ್ಬನೇ. ಅವನನ್ನು ಬಾಲಿಯಿಂದ ವಿಮಾನದಲ್ಲಿ ತಂದಿದ್ದರು. ದೇವರ ಮನೆಯಲ್ಲಿ ಇಡೋಣವೆಂದರೆ ವಾಸ್ತುವಿನವನು ಹೌಹಾರಿದನಂತೆ. ಹೆಂಡತಿ ಮಗುವನ್ನು ಬಿಟ್ಟು ಎದ್ದು ಹೋದವನು ಇವನು, ಒಳಗೆ ಕೂರಿಸಿದರೆ ಯಜಮಾನರೂ ಹಾಗೇ ಎದ್ದು ಹೋಗುತ್ತಾರೆ ಎಂದನಂತೆ. ಯಜಮಾನರಾದ ಜಯಸಿಂಹ ಸಾಹೇಬರು ಮನೆ ಬಿಟ್ಟು ಹೋಗುವುದಿರಲಿ, ಕುಡಿದ ಕಾಫಿ ಲೋಟ ಸಿಂಕಿಗೆ ಹಾಕಲೂ ಎದ್ದವರಲ್ಲ. ಆದರೂ ಭಯ ಭಯವೇ. ಕೊನೆಗೆ ಬುದ್ಧನಿಗೆ ಮುಂಬಾಗಿಲ ಪಕ್ಕ, ಚಪ್ಪಲಿ ಗೂಡಿನ ಮೇಲೆ ಜಾಗವಾಯಿತು. ಕೆಳಗೆ ಸಾಹೇಬರ ವಾಕಿಂಗ್ ಶೂ, ಮೇಲೆ ಕಣ್ಣು ಮುಚ್ಚಿದ ಬುದ್ಧ. ಆ ಗೂಡಿನಲ್ಲೂ ಮರಿಯಮ್ಮನ ಚಪ್ಪಲಿಗೆ ಜಾಗವಿರಲಿಲ್ಲ. ಅದು ಹಿತ್ತಲ ಮೆಟ್ಟಿಲ ಬಳಿ ಬಿದ್ದಿರುತ್ತಿತ್ತು.

"ಅಮ್ಮಾವ್ರೆ, ನಾಕ್ ಗಂಟೆಗೆ ನಾನು ಹೊಂಟೋಯ್ತೀನಿ. ನಮ್ ಬೇಗೂರಲ್ಲಿ ಇವತ್ತು ಬುದ್ಧ ಪೂರ್ಣಿಮೆ ಮಾಡ್ತಾವ್ರೆ, ಭಿಕ್ಕುಗಳು ಬತ್ತಾರೆ. ನಾನೂ ನಮ್ಮೆಜಮಾನ್ರೂ ಐದು ಶೀಲ ತಗಂತೀವಿ. ಹೋದ್ವಾರನೇ ಹೇಳಿದ್ನಲ್ಲ."

"ನಿಮ್ಗೂ ಬುದ್ಧನಾ?" ವಾರಿಜಮ್ಮ ನಕ್ಕೇಬಿಟ್ಟರು. "ಇವತ್ತೇ ನಮ್ಮನೇಲಿ ಮೆಡಿಟೇಶನ್ ಇದೆ. ಅಷ್ಟು ಜನ ಬಂದ್ರೆ ಲೋಟ ತಟ್ಟೆ ನಿಮ್ಮಪ್ಪ ಬಂದು ತೊಳೀತಾನಾ? ಇಷ್ಟೊಂದು ಅಟ್ಯಾಚ್‌ಮೆಂಟ್ ಒಳ್ಳೇದಲ್ಲ ಮರಿಯಮ್ಮ. ಆಸೇನೇ ದುಃಖಕ್ಕೆ ಮೂಲ ಅಂತ ಬುದ್ಧನೇ ಹೇಳಿಲ್ವಾ? ಹೋಗೋದಾದ್ರೆ ಹೋಗು. ನಾಳೆಯಿಂದ ಮಾತ್ರ ಬರ್ಬೇಡ."

ಮರಿಯಮ್ಮನಿಗೆ ಮೈ ಉರಿಯಿತು. ಬೇಗೂರು ಕೆರೆ ಹಿಂದಿನ ಗಲ್ಲಿಯ ಅವಳ ಒಂದೇ ಕೋಣೆಯ ಮನೆಯಲ್ಲೂ ಒಬ್ಬ ಬುದ್ಧನಿದ್ದ. ಒಲೆಯ ಪಕ್ಕದ ಪಟದಲ್ಲಿ, ಒಗ್ಗರಣೆಯ ಜಿಡ್ಡು ಹಿಡಿಸಿಕೊಂಡು ಅವರ ಜೊತೆಯೇ ಇದ್ದ. ಅಮಲೇರಿಸುವುದನ್ನು ಮುಟ್ಟಬಾರದು ಎಂಬುದೂ ಐದು ಶೀಲದಲ್ಲಿ ಒಂದು ಎಂದು ಕೇಳಿ ಬಂದ ದಿನ ಅವಳ ಗಂಡ ಬೋರಣ್ಣ ಆ ಪಟದ ಮುಂದೆ ಬಾಟಲಿ ಒಡೆದಿದ್ದ. ಅವನು ಕುಡಿತ ಬಿಟ್ಟ ಮೇಲೆ ಅವಳ ಬೆನ್ನ ಮೇಲಿನ ಬಾಸುಂಡೆಗಳು ಮಾಯ್ದವು. ಅವಳು ಕಂಡ ನಿರ್ವಾಣ ಅಷ್ಟೇ, ಅವಳಿಗೆ ಅಷ್ಟು ಸಾಕಾಗಿತ್ತು. ಇವತ್ತು ಉಡಲೆಂದು ಬಿಳಿ ಸೀರೆಯನ್ನು ಚೀಲದಲ್ಲಿ ಮಡಚಿಟ್ಟುಕೊಂಡೇ ಕೆಲಸಕ್ಕೆ ಬಂದಿದ್ದಳು.

ನಾಲ್ಕು ಗಂಟೆ ದಾಟಿತು. ಬೋರಣ್ಣ ಫೋನ್ ಮಾಡಿದ. "ಏನಮ್ಮೀ, ಆ ನನ್ಮಕ್ಳ ಬುದ್ಧನ್ನ ತೊಳೀತಾ ಅಲ್ಲೇ ಕೂತ್ಕತೀಯೋ, ಬತ್ತೀಯೋ? ಎಲ್ರೂ ಬಂದವ್ರೆ ಇಲ್ಲಿ."

"ಬತ್ತೀನಿ ಇರು," ಎಂದಳು. ಕೆಲಸ ಹೋಗುವುದೆಂಬ ಹೆದರಿಕೆ ಕಾಲನ್ನು ಕಟ್ಟಿಹಾಕಿತ್ತು.

ನಡುಮನೆಯಲ್ಲಿ ಮೆತ್ತೆಗಳ ಮೇಲೆ ದುಂಡಗೆ ಕೂತ ಜನ ಕಣ್ಣು ಮುಚ್ಚಿದ್ದರು. ಧ್ಯಾನ ಕಲಿಸಲು ಬಂದ ಚೈತನ್ಯ ಎಂಬ ಖಾದಿ ಕುರ್ತಾದವನು ಮೆಲುದನಿಯಲ್ಲಿ ಕತೆ ಹೇಳುತ್ತಿದ್ದ. ಬುದ್ಧನ ಶಿಷ್ಯನೊಬ್ಬ ಬಾಯಾರಿ ಬಾವಿ ಕಟ್ಟೆಗೆ ಬಂದನಂತೆ. ನಾನು ಕೀಳು ಜಾತಿಯವಳು, ಹೇಗೆ ನೀರು ಕೊಡಲಿ ಎಂದಳಂತೆ ಅಲ್ಲಿದ್ದ ಹುಡುಗಿ. ನಾನು ಕೇಳಿದ್ದು ನೀರನ್ನು, ಜಾತಿಯನ್ನಲ್ಲ ಎಂದು ಅವನು ಬೊಗಸೆಯೊಡ್ಡಿ ಕುಡಿದನಂತೆ.

"ಬ್ಯೂಟಿಫುಲ್," ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು.

ಚೈತನ್ಯ ಮರದ ಬಟ್ಟಲೊಂದಕ್ಕೆ ನೀರು ತುಂಬಿದ. "ಈಗ ಎಲ್ರೂ ಇದ್ರಲ್ಲೇ ಒಂದೊಂದು ಗುಟುಕು ಕುಡಿಯೋಣ. ಒಂದೇ ನೀರು, ಒಂದೇ ಜೀವ." ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮರಿಯಮ್ಮ ಅವನ ಕಣ್ಣಿಗೆ ಬಿದ್ದಳು. "ಬನ್ನಿ ಅಮ್ಮ, ಕೂತ್ಕೊಳಿ. ಮೊದಲನೇ ಗುಟುಕು ನಿಮ್ದು."

ಫೋನುಗಳು ಮೇಲೆದ್ದವು. ವಾರಿಜಮ್ಮ ಬಿಗಿದ ತುಟಿಯಲ್ಲೇ ನಕ್ಕರು. ಮರಿಯಮ್ಮ ನೆಲದ ಮೇಲೆ ಕೂತಳು, ಬಟ್ಟಲಿಗೆ ತುಟಿ ಹಚ್ಚಿ ಕುಡಿದಳು. ಪಕ್ಕದಲ್ಲಿದ್ದ ವಾರಿಜಮ್ಮನಿಗೆ ಕೊಟ್ಟಳು.

"ನಂಗಿವತ್ತು ಉಪವಾಸ," ಎಂದ ವಾರಿಜಮ್ಮ ಎರಡೇ ಬೆರಳಲ್ಲಿ ಅದನ್ನು ಮುಂದೆ ಸಾಗಿಸಿದರು. ಕಣ್ಣೊರೆಸಿಕೊಂಡಾಕೆಗೆ ಇದ್ದಕ್ಕಿದ್ದಂತೆ ಗಂಟಲು ನೋವು ಬಂತು. ಜಯಸಿಂಹ ಸಾಹೇಬರು ತಮಗೆ ಶುಗರ್ ಎಂದರು. ಬರೀ ನೀರಿಗೂ ಶುಗರ್ ಏರುತ್ತದೆಂದು ಮರಿಯಮ್ಮನಿಗೆ ಅಂದೇ ಗೊತ್ತಾಗಿದ್ದು. ಸುತ್ತು ಮುಗಿಸಿದ ಬಟ್ಟಲು ತುಂಬಿದ ಹಾಗೇ ಚೈತನ್ಯನ ಕೈಗೆ ಬಂತು. ಅವನು ಅದನ್ನು ಹಣೆಗೊತ್ತಿಕೊಂಡು ನಡುವೆ ಇಟ್ಟ.

"ಭಾವನೆ ಮುಖ್ಯ," ಎಂದ.

ಮರಿಯಮ್ಮ ಎದ್ದಳು. ಬಟ್ಟಲೆತ್ತಿ ಅವನ ಮೂಗಿನ ಮುಂದೆ ಹಿಡಿದಳು. "ಕತೇಲಿ ಕುಡುದ್ನಲ್ಲ ಸಾರ್? ಕುಡೀರಿ."

"ಏಯ್! ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತೀಯಾ? ನಡಿಯೇ ಒಳಗೆ, ದರಿದ್ರ ಮುಂಡೇದೆ!" ಜಯಸಿಂಹ ಸಾಹೇಬರು ಕೂತಲ್ಲಿಂದಲೇ ಅಬ್ಬರಿಸಿದರು.

"ಕೋಪ ಬೇಡ ಅಮ್ಮ," ಎಂದ ಚೈತನ್ಯ, ಬೈದವರ ಕಡೆ ನೋಡದೆ. "ನಿಮ್ಮ ಉಸಿರನ್ನ ಗಮನಿಸಿ."

"ನನ್ ಉಸ್ರು ನೆಟ್ಟಗೈತೆ. ನನ್ ಎಂಜ್ಲು ಕಂಡು ಸಿಕ್ಕಾಕ್ಕೊಂಡಿರೋದು ನಿಮ್ದು." ಬಟ್ಟಲನ್ನು ಅವರ ನಡುವೆಯೇ ಕುಕ್ಕಿದಳು. "ಥೂ, ನಿಮ್ ಜನ್ಮಕ್ಕಿಷ್ಟು! ನೀವು ಬಾಯಿ ಬುಟ್ರೆ ಬುದ್ಧ, ಬಾಯಿ ಮುಚ್ಚುದ್ರೆ ಜಾತಿ."

ಫೋನುಗಳು ಒಂದೊಂದಾಗಿ ಕೆಳಗಿಳಿದವು. ಮರಿಯಮ್ಮ ಸ್ನಾನದ ಕೋಣೆಗೆ ಹೋಗಿ ಬಿಳಿ ಸೀರೆ ಉಟ್ಟಳು. ಅವರದೇ ಸ್ನಾನದ ಕೋಣೆ. ಹಿತ್ತಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು, ಮತ್ತೆ ಒಳಗೆ ಬಂದಳು. ಅಡುಗೆಮನೆ ದಾಟಿ, ದೇವರ ಮನೆಯ ಹೊಸ್ತಿಲಿಗೆ ಒರಸಿಕೊಂಡು, ಮೆತ್ತೆಗಳ ಮಧ್ಯೆ ಚಟಪಟ ಸದ್ದು ಮಾಡುತ್ತಾ ನಡೆದಳು. ಸೀರೆಯ ಅಂಚು ತಾಗೀತೆಂದು ಜನ ಮಂಡಿ ಮಡಚಿಕೊಂಡರು. ಚಪ್ಪಲಿ ಗೂಡಿನ ಮುಂದೆ ಒಂದು ಗಳಿಗೆ ನಿಂತಳು.

"ಬತ್ತೀನಿ ಕಣಪ್ಪ. ಹುಷಾರು," ಎಂದು ಬುದ್ಧನಿಗೆ ಹೇಳಿ, ಇಷ್ಟು ವರ್ಷದಲ್ಲಿ ಮೊದಲ ಸಲ ಮುಂಬಾಗಿಲಿನಿಂದ ಹೊರಬಿದ್ದಳು.

ಗೇಟು ತೆರೆಯುವಾಗ ತಿರುಗಿ ನೋಡಿದಳು. ಬಾಗಿಲು ಹಾರು ಹೊಡೆದಿತ್ತು. ನಡುಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಮೆತ್ತೆಗಳನ್ನು ಹಿಂದಕ್ಕೆಳೆದುಕೊಂಡು ಕೂತಿದ್ದರು. ನಡುವೆ ಬಟ್ಟಲು ಇಟ್ಟಲ್ಲೇ ಇತ್ತು.

"ಮರಿಯಮ್ಮಾ!" ವಾರಿಜಮ್ಮನ ಕೂಗು ಬೀದಿಗೂ ಕೇಳಿಸಿತು. "ಲೇ ಮರಿಯಮ್ಮಾ! ಈ ಬಟ್ಲನ್ನಾದ್ರೂ ಎತ್ತಿಟ್ಟು ಹೋಗೇ!"