ತಡವಾಗಿ ಬರುತ್ತಿದ್ದ ನಗು

ನಮ್ಮ ಮನೆಯ ಹಳೇ ಇಂಟರ್ನೆಟ್ ಎಷ್ಟು ನಿಧಾನ ಎಂದರೆ, ಭಾನುವಾರ ಸಂಜೆ ನಾನು ಹೆಂಡತಿಗೆ ವಿಡಿಯೋ ಕಾಲ್ ಮಾಡಿ ಒಂದು ಕಥೆ ಹೇಳಿ, ಎದ್ದು ಹೋಗಿ ಒಣಗಿದ ಬಟ್ಟೆ ತೆಗೆದು, ಮಡಚಿಟ್ಟು, ನೀರು ಕುಡಿದು ಬಂದು ಕೂತ ಮೇಲೆ ಅವಳು ನಗುತ್ತಿದ್ದಳು. ಒಮ್ಮೊಮ್ಮೆ ಸೋಮವಾರ ಹಲ್ಲುಜ್ಜುವಾಗ ಫೋನಿನಿಂದ ಅವಳ ಭಾನುವಾರದ ಕೆಮ್ಮು ಕೇಳಿದ್ದೂ ಉಂಟು. ನಂಬದಿದ್ದರೆ ಬಿಡಿ. ಬೀದಿಯವರೆಲ್ಲ ನನ್ನನ್ನು ಬುರುಡೆ ಎಂದೇ ಕರೆಯುವುದು. ಅಂಗಡಿಯ ಬೋರ್ಡಿನಲ್ಲಿ ಮಾತ್ರ ‘ಫ್ಯಾನ್, ಮಿಕ್ಸಿ ರಿಪೇರಿ’ ಎಂದಿದೆ.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೇರೆ ಊರಿನ ಆಸ್ಪತ್ರೆಗೆ ಆರು ತಿಂಗಳ ಮಟ್ಟಿಗೆ ಎಂದು ಹೋದಳು. ಆ ಆರು ತಿಂಗಳು ಹಿಗ್ಗಿ ಹಿಗ್ಗಿ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ನಡುವೆ ಇದ್ದದ್ದು ಭಾನುವಾರದ ಆ ಕಾಲ್, ಅದರ ಕೊನೆಗೆ ತಡವಾಗಿ ಬರುತ್ತಿದ್ದ ನಗು. ನಗುತ್ತಿದ್ದಾಳೆ ಎಂದರೆ ವಾಪಸ್ ಬರುತ್ತಾಳೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. “ಯಾವಾಗ ಬರ್ತೀಯ?” ಎಂದು ಕೇಳಿದಾಗಲೆಲ್ಲ ಅವಳ ಮುಖ ಬಾಯಿ ಅರ್ಧ ತೆರೆದು ನಿಂತುಬಿಡುತ್ತಿತ್ತು. ಇಂಟರ್ನೆಟ್ ಕಂಪನಿಗೆ ಶಾಪ ಹಾಕಿ, ಇನ್ನೊಂದು ಕಥೆ ಶುರು ಮಾಡುತ್ತಿದ್ದೆ.

ಹೀಗಿರುವಾಗ ಭಾಮೈದ ಬಂದ. ಅವಳ ತಮ್ಮ. ಮೂರು ಕೆಲಸ ಬಿಟ್ಟು ನಾಲ್ಕನೆಯದಾಗಿ ಹೊಸ ಇಂಟರ್ನೆಟ್ ಕಂಪನಿಯ ಕನೆಕ್ಷನ್ ಮಾರಲು ಶುರು ಮಾಡಿದ್ದ.

“ಭಾವ, ಇದು ನೆಟ್ಟಲ್ಲ, ಬಸವನಹುಳು. ಅಕ್ಕಂಗೆ ನಿಮ್ಮ ಮುಖ ಇಟ್ಟಿಗೆ ಇಟ್ಟಿಗೆಯಾಗಿ ಕಾಣುತ್ತಂತೆ.”

“ಒಳ್ಳೇದೇ ಬಿಡೋ. ಪೂರ್ತಿ ಕಂಡ್ರೆ ಹೆದರ್ಕೊಂಡಾಳು.”

“ತಮಾಷೆ ಸಾಕು. ಅಕ್ಕನ ಮುಖ ಸರಿಯಾಗಿ ನೋಡ್ಬೇಕೋ ಬೇಡ್ವೋ?”

ಆ ಒಂದು ಮಾತಿಗೆ ಬಿದ್ದೆ. ಮರುದಿನ ಗೋಡೆಗೆ ತೂತು ಬಿತ್ತು, ಕೂದಲೆಳೆಯಂಥ ಗಾಜಿನ ತಂತಿ ಒಳಗೆ ಬಂತು, ಟೀವಿ ಪಕ್ಕದಲ್ಲಿ ಹಸಿರು ದೀಪದ ಬಿಳಿ ಡಬ್ಬಿ ಕೂತಿತು. ಭಾಮೈದ ಫೋನಿನಲ್ಲಿ ಸ್ಪೀಡ್ ಅಳೆದ. ಮುಳ್ಳು ಸರ್ರನೆ ಏರಿತು.

“ಮುನ್ನೂರು!”

“ಮುನ್ನೂರು ಏನು?”

“ಮುನ್ನೂರು ಭಾವ, ಮುನ್ನೂರು!”

ಅವನಿಗೂ ಗೊತ್ತಿರಲಿಲ್ಲ. ಹಳೇದು ಹನ್ನೆರಡು ದಾಟಿದ್ದು ಒಂದೇ ಸಲ, ಪಕ್ಕದ ಮನೆಯವರು ಮದುವೆಗೆಂದು ಊರು ಬಿಟ್ಟಿದ್ದಾಗ.

ಆ ಭಾನುವಾರ ಕಾಲ್ ಮಾಡಿದೆ. ಹೆಂಡತಿ ಪರದೆಯ ಮೇಲೆ ಬಂದಳು ಎನ್ನುವುದಕ್ಕಿಂತ ಮನೆಯೊಳಗೇ ಬಂದು ಕೂತಳು ಎನ್ನಬೇಕು. ಹುಬ್ಬಿನ ಪಕ್ಕದ ಮಚ್ಚೆ ಕಂಡಿತು. ಕಿವಿಯ ಹಿಂದೆ ಬಿಳಿ ಕೂದಲು ಕಂಡಿತು. ಮೂಗಿನ ಮೇಲೆ ಒಂದು ಕನ್ನಡಕ.

“ಇದ್ಯಾವಾಗ ಬಂತು?”

“ಕನ್ನಡಕಾನಾ? ಹೋದ ವರ್ಷ.”

ಹೋದ ವರ್ಷವಿಡೀ ನಾನು ಅದನ್ನು ನೆಟ್ಟಿನ ದೋಷ ಎಂದುಕೊಂಡಿದ್ದೆ.

ಕಥೆ ಶುರು ಮಾಡಿದೆ. ದರ್ಜಿಯವನ ಫ್ಯಾನಿಗೆ ನಾನು ಸುತ್ತಿದ ತಂತಿ ಸ್ವಲ್ಪ ಜಾಸ್ತಿಯಾಗಿ, ಸ್ವಿಚ್ ಹಾಕಿದ್ದೇ ತಡ ಮನೆಯೇ ಗೇಣುದ್ದ ಮೇಲೆದ್ದು ರಸ್ತೆಯಾಚೆ ಇಳಿದದ್ದು, ಈಗ ಬಾಡಿಗೆ ಯಾವ ಜಾಗದ ಮಾಲೀಕನಿಗೆ ಕೊಡಬೇಕೆಂದು ಅವನು ತಲೆ ಕೆಡಿಸಿಕೊಂಡಿದ್ದು. ಹೇಳಿ ಮುಗಿಸಿ, ಅಭ್ಯಾಸಬಲದಿಂದ ಕಾದೆ.

“ಏನು, ಸ್ಟಕ್ ಆಯ್ತಾ?” ಎಂದಳು.

“ಇಲ್ಲ, ನೀನು ನಗ್ಲಿ ಅಂತ.”

“ಓ. ಮುಗೀತಾ ಕಥೆ?”

ಅವಳ ಕಣ್ಣು ನನ್ನ ಮೇಲಿರಲಿಲ್ಲ. ಕೆಳಗೆಲ್ಲೋ ಇತ್ತು. ಸ್ವಲ್ಪ ಹೊತ್ತಿಗೆ ಕನ್ನಡಕದ ಗಾಜಿನಲ್ಲಿ ಇನ್ನೊಂದು ಫೋನಿನ ಬೆಳಕು ಮಿನುಗಿತು, ಅವಳ ಹೆಬ್ಬೆರಳು ಏನನ್ನೋ ಮೇಲೆ ತಳ್ಳಿತು, ಆಮೇಲೆ ನಕ್ಕಳು. ಅದೇ ನಗು. ವಾರಪೂರ್ತಿ ನನ್ನನ್ನು ಸಾಕುತ್ತಿದ್ದ ನಗು. ನನ್ನ ದರ್ಜಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹಿಂದೆ ನಕ್ಕದ್ದೆಲ್ಲ ಯಾವುದಕ್ಕೆ ಎಂದು ನಾನು ಯೋಚಿಸಲು ಹೋಗಲಿಲ್ಲ, ಆದರೆ ಯೋಚನೆ ತಾನಾಗಿಯೇ ಬಂತು. ಅದಕ್ಕೂ ಮುನ್ನೂರು ಸ್ಪೀಡ್.

ಮರುದಿನ ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು.

“ಹೇಳಿ ಸರ್, ನಿಮ್ಮ ಕಂಪ್ಲೇಂಟ್ ಏನು?”

“ತುಂಬಾ ಚೆನ್ನಾಗಿ ಬರ್ತಿದೆ.”

“ಥ್ಯಾಂಕ್ಯೂ ಸರ್.”

“ಥ್ಯಾಂಕ್ಯೂ ಅಲ್ಲಮ್ಮ, ಅದೇ ಕಂಪ್ಲೇಂಟ್. ಮಾತು ಹೋಗಿ ಬರೋಕೆ ಸ್ವಲ್ಪ ಟೈಮ್ ತಗೊಳ್ಳೋ ಹಾಗೆ ಮಾಡಿ.”

“ಸರ್, ಇನ್ನೂ ಫಾಸ್ಟ್ ಪ್ಲಾನ್ ಇದೆ, ಸರ್.”

“ನಿಧಾನದ್ದು ಇಲ್ವಾ?”

“ನಿಧಾನದ್ದು ನಮ್ಮಲ್ಲಿಲ್ಲ ಸರ್,” ಎಂದಳು. ಪಾಪ, ಹೆಮ್ಮೆಯಿಂದ ಹೇಳಿದಳು.

ಹಳೇ ಕಂಪನಿಯ ಬಾಗಿಲಿಗೆ ಹೋದೆ. ಆ ಕಚೇರಿಯಲ್ಲಿ ಈಗ ಹಲ್ಲಿನ ಡಾಕ್ಟರ್ ಕೂತಿದ್ದರು. ಕಂಪನಿಯವರು ಕಂಬದಿಂದ ತಂತಿಯನ್ನೂ ಬಿಚ್ಚಿಕೊಂಡು ಹೋಗಿದ್ದರು.

ಇನ್ನು ಸ್ವಂತ ವಿದ್ಯೆಯೇ ಗತಿ. ಮೋಟಾರಿನ ಜೊತೆ ಕೂದಲು ಹಣ್ಣು ಮಾಡಿಕೊಂಡವನು, ಎಂಥದಕ್ಕೆ ಎಂಥದು ಅಡ್ಡ ಬರುತ್ತದೆ ಎನ್ನುವಷ್ಟಾದರೂ ಗೊತ್ತು. ಭಾನುವಾರ ಸಂಜೆ ಅಡುಗೆಮನೆಯ ದೊಡ್ಡ ಸ್ಟೀಲ್ ಪಾತ್ರೆಯನ್ನು ಆ ಬಿಳಿ ಡಬ್ಬಿಯ ಮೇಲೆ ಬೋರಲು ಹಾಕಿ, ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕಾಲ್ ಮಾಡಿದೆ. ಆಹಾ! ಇಟ್ಟಿಗೆಗಳು ವಾಪಸ್ ಬಂದಿದ್ದವು. ಹೆಂಡತಿಯ ಮೂಗು ಒಂದು ಕಡೆ, ಬಾಯಿ ಒಂದು ಕಡೆ. ಅವಳು “ರೀ, ಒಂದು ವಿಷ್...” ಎಂದಳು, ನಿಂತಳು. ನಾನು ನನ್ನ ಬತ್ತಳಿಕೆಯ ಒಳ್ಳೇ ಕಥೆ ತೆಗೆದೆ. ಮುಗಿಸಿ, ಎದ್ದು ಬಟ್ಟೆ ಮಡಚಲು ಹೋದೆ. ಬಂದು ನೋಡಿದರೆ ಕಾಲ್ ಕಟ್ ಆಗಿತ್ತು. ಒಂದು ಮೆಸೇಜು.

“ಏನೂ ಕೇಳ್ತಿಲ್ಲ. ಮುಖ್ಯವಾದ ವಿಷಯ ಇದೆ. ಹೋದ ವಾರ ಚೆನ್ನಾಗಿತ್ತಲ್ಲ, ಹಾಗೆ ಮಾಡಿ.”

ಗೋಣಿಚೀಲದಿಂದ ನೀರು ಇಳಿದು ನೆಲವೆಲ್ಲ ಒದ್ದೆಯಾಗಿತ್ತು. ಮೊದಲು ಅದನ್ನು ಒರೆಸಿದೆ. ಒರೆಸಿದ ಬಟ್ಟೆ ಹಿಂಡಿ ಒಣಹಾಕಿದೆ. ಮಾಡಲು ಇನ್ನೇನೂ ಉಳಿಯದ ಮೇಲೆ ಪಾತ್ರೆ ಎತ್ತಿ, ಮತ್ತೆ ಕಾಲ್ ಮಾಡಿದೆ.

“ಹ್ಞಾಂ, ಈಗ ಕಾಣ್ತೀರಿ,” ಎಂದಳು.

“ಒಂದಿನ ಏನಾಯ್ತು ಗೊತ್ತಾ...”

“ಬೇಡ ರೀ.”

ಹಸಿರು ದೀಪ ಉರಿಯುತ್ತಲೇ ಇತ್ತು, ಬೈಯಲು ಯಾವ ಕಂಪನಿಯೂ ಇರಲಿಲ್ಲ. ಕೊನೆಗೆ ನಾನೇ ಕೇಳಿದೆ. “ಯಾವಾಗ ಬರ್ತೀಯ?”

“ಬರಲ್ಲ.”

ನಾನು ಬಾಯಿ ಮುಚ್ಚುವ ಮೊದಲೇ ಉತ್ತರ ಬಂದಿತ್ತು.

“ಬರಲ್ಲ ಅಂದ್ರೆ?”

“ಇಲ್ಲೇ ಪರ್ಮನೆಂಟ್ ಮಾಡಿಸ್ಕೊಂಡೆ. ಇಲ್ಲೇ ಇರ್ತೀನಿ. ಇದೇನು ಹೊಸದಾ ನಿಮಗೆ? ಮೂರು ಸಲ ಹೇಳಿದೀನಿ. ಮೂರು ಸಲಾನೂ ನೀವು ಒಂದೊಂದು ಕಥೆ ತೆಗೆದ್ರಿ.”

“ಕೇಳಿಸಿರ್ಲಿಲ್ಲ ಕಣೇ. ನೆಟ್ಟು ಹಾಗಿತ್ತು. ನಿನ್ನಾಣೆ.”

ರಿಪೇರಿ ನಾಳೆಗೆ ಸಿದ್ಧ ಎಂದಾಗ ಗಿರಾಕಿಗಳು ನನ್ನನ್ನು ನೋಡುತ್ತಾರಲ್ಲ, ಹಾಗೆ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಹಿಡಿದುಕೊಳ್ಳಲು ಸಿಗುತ್ತಿತ್ತು.

“ಇರ್ಲಿ ಬಿಡಿ,” ಎಂದಳು.

“ನಿಜ ಹೇಳ್ತಿದೀನಿ.”

“ಮನೆ ಎದ್ದು ರಸ್ತೆ ದಾಟಿದ್ದೂ ನಿಜಾನೇ ಅಂದ್ರಿ.”

ನಿಜವಾಗಿಯೂ ಕೇಳಿಸಿರಲಿಲ್ಲ. ಒಂದು ಸಲ ಮಾತ್ರ ‘ಪರ್ಮ’ ಎಂದೇನೋ ಕೇಳಿದ ಹಾಗಿತ್ತು. ಆಗಲೂ ಕಥೆ ಅರ್ಧಕ್ಕೆ ಬಂದಿತ್ತು.

“ಇಲ್ಲಿ ಚಳಿ ಶುರುವಾಗಿದೆ,” ಎಂದಳು. “ಬೀರು ಮೇಲಿನ ಪೆಟ್ಟಿಗೇಲಿ ನನ್ನ ಉಣ್ಣೆ ಬಟ್ಟೆ ಇವೆ. ಕಳಿಸ್ತೀರಾ?”

ಕುರ್ಚಿ ಹಾಕಿಕೊಂಡು ಪೆಟ್ಟಿಗೆ ಇಳಿಸಿದೆ. ಒಂದೊಂದೇ ಎತ್ತಿ ಫೋನಿನ ಮುಂದೆ ಹಿಡಿದೆ.

“ಇದಾ?”

“ಅದು ಬೇಕು.”

“ಇದು?”

“ಅದು ಬಿಗಿ ಆಗುತ್ತೆ. ನಿಮ್ಮ ತಂಗಿಗೆ ಕೊಡಿ.”

ಬೇಕಾದದ್ದು ಮಂಚದ ಈ ಕಡೆ, ಬೇಡವಾದದ್ದು ಆ ಕಡೆ. ಬಣ್ಣ ಹೇಳಬೇಕಾಗಲಿಲ್ಲ, ಬೆಳಕಿಗೆ ತಿರುಗಿಸಬೇಕಾಗಲಿಲ್ಲ. ಈ ಕಡೆಯ ರಾಶಿ ಏರುತ್ತಲೇ ಹೋಯಿತು. ಕೊನೆಗೆ ನೀಲಿ ಕೋಟು ಎತ್ತಿ ಹಿಡಿದಾಗ ಅವಳು ಮುಖ ಪರದೆಯ ಹತ್ತಿರ ತಂದಳು. ಆ ಸಂಜೆ ಅಷ್ಟು ಗಮನವಿಟ್ಟು ನೋಡಿದ್ದು ಅದೊಂದನ್ನೇ.

“ಎರಡನೇ ಗುಂಡಿ ಸಡಿಲ ಆಗಿದೆ ನೋಡಿ. ಹೊಲಿಸಿ ಕಳಿಸಿ.”

ಮುಟ್ಟಿ ನೋಡಿದೆ. ಹೌದು, ಒಂದೇ ದಾರದಲ್ಲಿ ನೇತಾಡುತ್ತಿತ್ತು.